ತೂತಿಲ್ಲದ ಚೀಲ

ಸ್ಟೌ ಮೇಲೆ ಗಾಜಿನ ಸಿರಿಂಜು ಇನ್ನೂ ಕುದಿಯುತ್ತಿತ್ತು, ಅಷ್ಟರಲ್ಲೇ ದೊಡ್ಡಮುನಿಯಮ್ಮ ಬಸುರಿ ಸೊಸೆಗೆ ಅಡ್ಡ ನಿಂತುಬಿಟ್ಟಳು. ಇನ್ಸುಲಿನ್ ಎಂಬ ಆ ಔಷಧಿಯನ್ನು ದನದ ಒಡಲಿನಿಂದ ತೆಗೆಯುತ್ತಾರೆಂದು ಅವಳಿಗೆ ಆಗ ತಾನೇ ಗೊತ್ತಾಗಿತ್ತು.

"ಚುಚ್ಚಬ್ಯಾಡಿ ಡಾಕ್ಟ್ರಮ್ಮಾ. ನನ್ನ ಮೊಮ್ಮಗೀನ ಮೈಗೆ ದನದ್ದು ಸೇರಬಾರ್ದು."

ಸಕ್ಕರೆ ಕಾಯಿಲೆಯಿಂದ ಸೊಸೆ ಗಂಗರತ್ನಮ್ಮನ ಮೊದಲ ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಔಷಧಿ ಬಿಟ್ಟರೆ ಇದೂ ದಕ್ಕುವುದಿಲ್ಲ ಎಂದು ಡಾಕ್ಟರ್ ಗೋಪಾಲಮ್ಮ ಹೇಳಿ ಹೇಳಿ ಸೋತಿದ್ದರು. ಅವರ ಸಿಡುಕು ಯಶವಂತಪುರಕ್ಕೆಲ್ಲ ಹೆಸರುವಾಸಿ. ಇನ್ನೇನು ಮಂಗಳಾರತಿ ಆಯಿತೆಂದು ಶೆಟ್ಟಿಹಳ್ಳಿಯ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿದ್ಧಳಾದಳು.

ಡಾಕ್ಟರಮ್ಮ ಬೈಯಲಿಲ್ಲ. ಮುದುಕಿ ತಂದುಕೊಂಡಿದ್ದ ಅನ್ನದ ಗಂಜಿಯನ್ನು ಒಂದಿಷ್ಟು ತೆಗೆದು, ನೆನೆಸಿದ ತೆಳ್ಳನೆಯ ಸೆಲ್ಲೋಫೇನ್ ಹಾಳೆಯಲ್ಲಿ ಸುರಿದು, ದಾರದಿಂದ ಬಿಗಿಯಾಗಿ ಕಟ್ಟಿದರು. ಗಾಯಕ್ಕೆ ಹಚ್ಚುವ ಅಯೋಡಿನ್ ಟಿಂಕ್ಚರನ್ನು ಲೋಟದ ನೀರಿಗೆ ಹನಿಸಿದರು.

"ಚೀಲ ಹಿಚುಕಿ ನೋಡಿ, ತೂತಿದೆಯಾ?"

"ಇಲ್ಲ."

"ಹಾಗಾದ್ರೆ ನೀರಿಗೆ ಬಿಟ್ಟು ನೋಡ್ತಾ ಕೂತ್ಕೊಳ್ಳಿ."

ಹೊರಗಿನ ರೋಗಿಗಳನ್ನು ನೋಡಿಕೊಂಡು ಅವರು ಮರಳುವ ವೇಳೆಗೆ ಮುದುಕಿಯ ಮೂಗು ಲೋಟಕ್ಕೆ ತಾಗುವಷ್ಟು ಹತ್ತಿರವಿತ್ತು. ಚೀಲದೊಳಗಿನ ಬೆಳ್ಳನೆಯ ಗಂಜಿ ಕಡುನೀಲಿಯಾಗಿತ್ತು. ಸುತ್ತಲಿನ ನೀರಿನಲ್ಲಿ ಮಾತ್ರ ನೀಲಿಯ ಸುಳಿವಿರಲಿಲ್ಲ.

"ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳು ಇದರಲ್ಲಿವೆ. ಟಿಂಕ್ಚರಿನ ಕಣ ಚಿಕ್ಕದು, ಒಳಗೆ ನುಗ್ಗಿ ಗಂಜೀನ ನೀಲಿ ಮಾಡ್ತು. ಗಂಜಿಯದು ದೊಡ್ಡದು, ಹೊರಗೆ ಬರೋಕಾಗಲಿಲ್ಲ. ಬಂದಿದ್ರೆ ನೀರೂ ನೀಲಿ ಆಗ್ತಿತ್ತು. ತಾಯಿಗೂ ಮಗೂಗೂ ನಡುವೆ ಇಂಥದೇ ಒಂದು ಪೊರೆ ಇರುತ್ತೆ ಅಜ್ಜಿ. ರಕ್ತದಲ್ಲಿರೋ ಸಕ್ಕರೆ ಚಿಕ್ಕದು, ದಾಟಿ ಹೋಗಿ ಮಗೂಗೆ ಕೇಡು ಮಾಡುತ್ತೆ. ಈ ಔಷಧಿ ದೊಡ್ಡದು. ತಾಯಿಯಲ್ಲೇ ನಿಂತು ಸಕ್ಕರೆ ಇಳಿಸುತ್ತೆ, ಮಗೂನ ಮುಟ್ಟಲ್ಲ."

ಮುದುಕಿಯ ಮೈ ಜುಮ್ಮೆಂದಿತು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಕತ್ತಲಲ್ಲಿ ಕೂತು ನೋಡಿಕೊಳ್ಳುವ ಒಂದು ಬಾಗಿಲು! ಅವಳ ಕೈ ತಾನಾಗಿ ಸ್ವಂತ ಹೊಟ್ಟೆಯ ಮೇಲೆ ಹೋಯಿತು.

"ಆರು ಮಕ್ಳನ್ನ ಎತ್ತೋಳು ನಾನು. ಇಂಥಾ ಕಾವಲು ನನ್ನೊಳಗೂ ಇತ್ತಾ? ಯಾರೂ ಯೋಳ್ಲೇ ಇಲ್ವಲ್ಲ," ಎಂದವಳೇ ಪಕ್ಕಕ್ಕೆ ಸರಿದಳು. "ಚುಚ್ಚಿ ಡಾಕ್ಟ್ರಮ್ಮಾ."

ಈಗ ತೋಳು ಹಿಂದಕ್ಕೆ ಎಳೆದುಕೊಂಡವಳು ಗಂಗರತ್ನಮ್ಮ.

"ಅತ್ತೆಮ್ಮಾ, ಮಗೀಗೆ ಓಗದೇ ಇದ್ರೆ ಅದೆಲ್ಲಾ ನನ್ನ ಮೈಯಲ್ಲೇ ಉಳೀತದೆ. ಆಮ್ಯಾಕೆ ನನ್ನ ಒಲೆ ಅತ್ರ ಬಿಟ್ಕೊತೀರಾ?"

ಇದು ಮುದುಕಿಗೆ ಹೊಳೆದೇ ಇರಲಿಲ್ಲ. ಅವಳು ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಸೊಂಟದಿಂದ ಎಲೆಯಡಿಕೆ ಸಂಚಿ ಬಿಚ್ಚಿ ಅವಳ ಮಡಿಲಿಗೆ ಹಾಕಿದಳು.

"ಮೊದ್ಲು ಚುಚ್ಚುಸ್ಕೋ. ಆಮ್ಯಾಕೆ ಒಂದೆಲೆ ಮಡಿಸಿ, ನಿನ್ನ ಕೈಯಾರೆ ನನ್ನ ಬಾಯಿಗಿಡು."