ಕಡಿದುಹೋಗುತ್ತಿದ್ದ ವೈಫೈ

ಮೀಟಿಂಗಿನ ನಡುವೆ ಲ್ಯಾಪ್‌ಟಾಪಿನ ವೈಫೈ ಮತ್ತೆ ಕಡಿದುಹೋದ ಕೂಡಲೇ ಭವ್ಯ ಎದ್ದು ನಡುಮನೆಗೆ ಓಡಿದಳು. ಓಡಿದವಳು ಬಾಗಿಲಲ್ಲೇ ನಿಂತುಬಿಟ್ಟಳು. ರೂಟರಿನ ಸ್ವಿಚ್ಚಿನ ಮೇಲೆ ಅತ್ತೆ ಚನ್ನಮಲ್ಲಮ್ಮನ ಕೈ ಇತ್ತು.

ತಿಂಗಳಿಂದ ಭವ್ಯ ಮಾಡದ ಉಪಾಯವಿರಲಿಲ್ಲ. ವೈಫೈ ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದಳು, ರೂಟರನ್ನು ಬೀರುವಿನ ಮೇಲಿಂದ ಕಿಟಕಿಯ ಪಕ್ಕಕ್ಕೆ ತಂದಿದ್ದಳು. ಕೊಳ್ಳೇಗಾಲದ ಅಂಗಡಿಯವನು ಲ್ಯಾಪ್‌ಟಾಪ್ ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲವೆಂದು ವಾಪಸು ಕೊಟ್ಟಿದ್ದ. ಇನ್ನೊಂದು ಸಲ ಕನೆಕ್ಷನ್ ಹೋದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಮ್ಯಾನೇಜರ್ ಬೆಳಿಗ್ಗೆಯಷ್ಟೇ ಹೇಳಿದ್ದ. ಹೊನ್ನೂರಿನ ಮನೆಯಲ್ಲೇ ಕುಳಿತು ಮಾಡುವ ಇಂಥ ಕೆಲಸ ಇನ್ನೊಂದು ಸುಲಭವಾಗಿ ಸಿಗುವಂತಿರಲಿಲ್ಲ.

“ಇಷ್ಟು ದಿವ್ಸಾನೂ ನೀವೇನಾ ಅತ್ತೆ?”

“ಊ ಕಣವ್ವ, ನಾನೇಯ,” ಎಂದರು ಚನ್ನಮಲ್ಲಮ್ಮ, ಕೈ ತೆಗೆಯದೆ. “ಆ ವಯ್ಯ ನಿನ್ನ ಬಾಯಿಗೆ ಬಂದಂಗೆ ಬಯ್ತಾನಲ್ಲ, ಅಡುಗೆಮನೆಗಂಟ ಕೇಳಿಸ್ತದೆ. ಈ ಮನೇಲಿ ಯಾರಾರ ನಿನ್ನ ಅಂಗೆ ಅಂದವ್ರಾ? ಅವ್ನು ಶುರು ಮಾಡ್ದಾಗಲೆಲ್ಲ ಆರಿಸ್ಬುಟ್ಟು, ಆಮೇಲೆ ಆಕ್ತೀನಿ.”

ಭವ್ಯ ಕನೆಕ್ಷನ್ ಹೋದ ಹೊತ್ತುಗಳನ್ನೆಲ್ಲ ನೆನೆದು ನೋಡಿದಳು. ಪ್ರತಿ ಸಲವೂ ಮ್ಯಾನೇಜರ್ ದನಿ ಏರಿಸಿದ್ದ. ಡ್ರೈವರ್, ಸಿಗ್ನಲ್ ಎಂದು ತಲೆಕೆಡಿಸಿಕೊಂಡಿದ್ದ ಅವಳಿಗೆ ಇದೊಂದು ಹೊಳೆದೇ ಇರಲಿಲ್ಲ. ಅವನ ಬೈಗುಳ ಅವಳಿಗೆ ಅಷ್ಟು ರೂಢಿಯಾಗಿಹೋಗಿತ್ತು. ಒಳಗೆ ಮೊಬೈಲ್ ಬಡಿದುಕೊಳ್ಳತೊಡಗಿತು, ಮ್ಯಾನೇಜರನದೇ ಇರಬೇಕು. ಭವ್ಯ ಅತ್ತ ಹೋಗಲಿಲ್ಲ. ಅತ್ತೆಯ ಕಾಲ ಬಳಿ ನೆಲದ ಮೇಲೆ ಕುಳಿತಳು.