ದೇವರ ಪಟದ ಹಿಂದಿನ ಕಾಗದ

“ಅಗ್ರಿಮೆಂಟಿನ ನಿಮ್ಮ ಪ್ರತಿ ಎಲ್ಲಿ?” ಎಂದು ವಕೀಲೆ ಕೇಳಿದರು.

“ನನ್ನ ಹತ್ರ ಇಲ್ಲ ಮೇಡಂ. ಬರೆಸಿದ್ದೇ ಒಂದು. ಮಿಠಾಯಿ ಅಂಗಡಿ ಪರಮಣ್ಣ ಅದನ್ನ ದೇವರ ಪಟದ ಹಿಂದೆ ಇಟ್ಕೊಂಡಿದ್ದಾರೆ.”

ಕೇಸು ಹಾಕಿಸಲು ಬಂದಿದ್ದವನದು ಡಬ್ಬಿ ಮಾಡುವ ಕಾರ್ಖಾನೆ. ಗೋಡೌನಿನಲ್ಲಿ ಮೂವತ್ತು ಸಾವಿರ ಮಿಠಾಯಿ ಡಬ್ಬಿಗಳು ಬಿದ್ದಿದ್ದವು. ಎಲ್ಲದರ ಮೇಲೂ ಪರಮಣ್ಣನ ಅಂಗಡಿಯ ಹೆಸರು. ದೀಪಾವಳಿಗೆ ತಡವಾಯಿತೆಂದು ಪರಮಣ್ಣ ಒಂದನ್ನೂ ಇಳಿಸಿಕೊಂಡಿರಲಿಲ್ಲ.

“ಇಂಥ ದಿನಾನೇ ಕೊಡಬೇಕು ಅಂತ ಅದರಲ್ಲಿ ಬರೆದೇ ಇಲ್ಲ. ಕೇಸು ಹಾಕಿ ಮೇಡಂ.”

“ಕಾಗದ ನೋಡದೆ ಹೇಗ್ರೀ ಹಾಕೋದು?”

ಅವನು ಅಲ್ಲಿಂದಲೇ ಫೋನು ಮಾಡಿದ. “ಪರಮಣ್ಣ, ನಿಮ್ಮ ಮೇಲೆ ಕೇಸು ಹಾಕ್ತಿದ್ದೀನಿ. ವಕೀಲರು ಅಗ್ರಿಮೆಂಟ್ ಕೇಳ್ತಿದ್ದಾರೆ.”

“ಜೆರಾಕ್ಸ್ ಅಂಗಡಿ ಇವತ್ತು ಬಾಗಿಲು ಹಾಕಿದೆ ಕಣಪ್ಪ. ಅದನ್ನೇ ಕಳಿಸ್ತೀನಿ. ನೋಡ್ಕೊಂಡು ವಾಪಸ್ ಕಳಿಸು.”

ಅರ್ಧ ಗಂಟೆಯಲ್ಲಿ ಮಿಠಾಯಿ ಅಂಗಡಿಯ ಆಟೋದಲ್ಲಿ ಕಾಗದ ಬಂತು. ನಾಲ್ಕು ಮೂಲೆಗೂ ಅರಿಸಿನ ಹಚ್ಚಿತ್ತು, ಮೇಲೆ ಒಂದು ಬೊಟ್ಟು ಕುಂಕುಮ. ವಕೀಲೆ ಎರಡು ಸಲ ಓದಿದರು.

“ಗಡುವು ಬರೆದಿದೆ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಕೊಡದಿದ್ದರೆ ಅವರು ತಗೋಬೇಕಾಗಿಲ್ಲ. ಕೆಳಗೆ ನಿಮ್ಮದೇ ಸಹಿ. ಇದು ಕೋರ್ಟಿಗೆ ಹೋದರೆ ನೀವು ಸೋಲ್ತೀರಿ.”

ಅವನು ಆ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಭಕ್ತಿಯಿಂದ ಕಣ್ಣಿಗೊತ್ತಿಕೊಂಡ.

“ಮೇಡಂ, ಬೆಂಕಿಪೊಟ್ಟಣ ಇದೆಯಾ?”