ಹೊಲದ ಶಾಸನದ ಕಲ್ಲು

ಮಸಿಯ ವಾಸನೆ ಬಂದರೆ ಈಗಲೂ ಹೇಮಗುಡ್ಡದ ಕೆಳಗಿನ ನಮ್ಮ ಹೊಲ ನೆನಪಾಗುತ್ತದೆ.

ನಿಜಾಮರ ಕಾಲ. ಆಲ್ಪ್ಸ್ ಬೆಟ್ಟದ ಹಳ್ಳಿಯವನಾದ ಸಾಹೇಬನೊಬ್ಬ ನಮ್ಮ ಹೊಲದ ಶಾಸನದ ಕಲ್ಲಿನ ಅಕ್ಷರಗಳ ಅಚ್ಚು ತೆಗೆಯಲು ಅದಕ್ಕೆ ಒದ್ದೆ ಕಾಗದ ಹಚ್ಚಿ ಮಸಿ ಒತ್ತುತ್ತಿದ್ದ.

"ನಿಧಿ ಹುಡುಕಾಕ ಬಂದಾನ. ಕಣ್ಣಿಡವ್ವ" ಎಂದು ಅಜ್ಜಿ ನನ್ನನ್ನು ಅಲ್ಲೇ ಕೂರಿಸಿದಳು.

ಸಾಹೇಬ ತನ್ನೂರಿನ ಫೋಟೊ ತೋರಿಸಿದ. ಹಿಮದ ನಡುವೆ ಮರದ ಮನೆ, ಬಾಗಿಲ ಮೇಲೆ ಕೆತ್ತಿದ ಸಾಲು. ಅವನ ಜೊತೆ ಬಂದಿದ್ದ ಶಾಲೆಯ ಮಾಸ್ತರರು, "ಮನಿ ಯಾರು ಕಟ್ಟಿಸಿದ್ರು ಅಂತ ಅವರೂರಾಗ ಹಿಂಗ ಬರೀತಾರಂತ್ರಿ" ಎಂದರು.

"ನಮ್ಮ ಕಲ್ಲಿನಾಗ ಏನ್ ಬರದೈತ್ರಿ?" ಅಜ್ಜಿಯೂ ಹತ್ತಿರ ಬಂದು ಕೇಳಿದಳು.

ಮಾಸ್ತರರು ಬೆರಳಿಟ್ಟು ಓದಿದರು. "ಈ ಹೊಲಾನ ಒಬ್ಬಾಕಿ ಊರ ಕೆರಿಗೆ ದಾನ ಕೊಟ್ಟಾಳ ನೋಡ್ರಿ. ಅಂದ್ರ ಇದು ಊರಿನ ಹೊಲ ಅಂದಂಗಾತು."

ಮರುದಿನ ಕಲ್ಲು ಬೋರಲಾಗಿ ಬಿದ್ದಿತ್ತು; ಅಪ್ಪ ಅದರ ಮೇಲೆ ಮಣ್ಣೆಳೆಯುತ್ತಿದ್ದ.

"ಯಾರರ ಕೇಳಿದ್ರ, ಸಾಹೇಬ ಒಯ್ದ ಅನ್ನವ್ವ" ಎಂದಳು ಅಜ್ಜಿ.